ಆಪ್ತಸಮಾಲೋಚನೆಯ ಸಿದ್ಧಾಂತಗಳು ಮತ್ತು ನಿಮ್ಮದೇ ಶೈಲಿ: ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

1965ರಲ್ಲಿ ಒಂದು ತರಬೇತಿ ಚಿತ್ರ ಹೊರಬಂತು. ಒಬ್ಬ ಮಹಿಳೆ ಮೂವರು ಚಿಕಿತ್ಸಕರ ಮುಂದೆ ಒಬ್ಬರಾದ ಮೇಲೊಬ್ಬರಂತೆ ಕುಳಿತು ಮಾತನಾಡುತ್ತಾರೆ. ಮಗಳಿಗೆ ಹೇಳಿದ ಒಂದು ಸುಳ್ಳು ಆಕೆಯನ್ನು ಕೊರೆಯುತ್ತಿದೆ. ನಿಜ ಹೇಳಿಬಿಡಲೇ ಎಂದು ಕಾರ್ಲ್ ರೋಜರ್ಸ್ ಅವರನ್ನು ನೇರವಾಗಿ ಕೇಳುತ್ತಾರೆ. ರೋಜರ್ಸ್ ಉತ್ತರ ಕೊಡುವುದಿಲ್ಲ. ಉತ್ತರ ಹುಡುಕುವ ಆಕೆಯ ಕಷ್ಟದ ಜೊತೆಗೆ ಕೂರುತ್ತಾರೆ. ಫ್ರಿಟ್ಜ್ ಪರ್ಲ್ಸ್ ಮುಂದೆ ಆಕೆ ತನಗೆ ಹೆದರಿಕೆಯಾಗುತ್ತಿದೆ ಎನ್ನುತ್ತಲೇ ನಗುತ್ತಾರೆ. ಪರ್ಲ್ಸ್ ಆ ನಗುವನ್ನೇ ಹಿಡಿದು ಕೆಣಕುತ್ತಾರೆ. ಆಲ್ಬರ್ಟ್ ಎಲ್ಲಿಸ್ ಹೆಚ್ಚು ಮಾತನಾಡುತ್ತಾರೆ, ಆಕೆ ತನ್ನ ಬಗ್ಗೆ ಇಟ್ಟುಕೊಂಡ ನಂಬಿಕೆಗಳನ್ನು ತರ್ಕದಿಂದ ಅಲುಗಾಡಿಸುತ್ತಾರೆ. ಬಂದವರು ಒಬ್ಬರೇ. ಆದರೆ ನಡೆದ ಮೂರು ಮಾತುಕತೆಗಳಿಗೆ ಒಂದಕ್ಕೊಂದು ಹೋಲಿಕೆಯಿಲ್ಲ.

ಹೊಸಬರಿಗೆ ಈ ಮೂವರಲ್ಲಿ ಯಾರು ಸರಿ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ವರ್ಷಗಟ್ಟಲೆ ಈ ಕೆಲಸ ಮಾಡಿ, ಕಲಿಯುವವರ ಜೊತೆ ಕುಳಿತ ಮೇಲೆ ನನಗೆ ಅದಕ್ಕಿಂತ ಉಪಯುಕ್ತವೆನಿಸಿದ ಪ್ರಶ್ನೆ ಬೇರೆ: ಮನುಷ್ಯನ ನೋವಿಗೆ ಕಾರಣವೇನು ಎಂದು ಈ ಮೂವರೂ ನಂಬಿದ್ದರು? ಆ ನಂಬಿಕೆ ಅವರ ಕೈಯಲ್ಲಿ ಏನು ಮಾಡಿಸಿತು, ಏನನ್ನು ಮಾಡಲು ಬಿಡಲಿಲ್ಲ? ಶೈಲಿ ಹುಟ್ಟುವುದು ಅಲ್ಲಿ. ಹಾಗಾಗಿ ಈ ಮಾರ್ಗದರ್ಶಿಯನ್ನು ತಂತ್ರಗಳಿಂದ ಆರಂಭಿಸುತ್ತಿಲ್ಲ.

ಮೊದಲಿಗೆ ಒಂದು ಪದದ ಬಗ್ಗೆ. ಈ ಕೆಲಸಕ್ಕೆ ಕನ್ನಡದಲ್ಲಿ ಆಪ್ತಸಲಹೆ, ಆಪ್ತಸಮಾಲೋಚನೆ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಮೊದಲನೆಯದರಲ್ಲಿರುವ ‘ಸಲಹೆ’ ದಾರಿ ತಪ್ಪಿಸುತ್ತದೆ, ಏಕೆಂದರೆ ಸಲಹೆ ಕೊಡುವುದು ಈ ಕೆಲಸದ ತೀರ ಸಣ್ಣ ಭಾಗ. ‘ಸಮಾಲೋಚನೆ’ಯಲ್ಲಿ ಇಬ್ಬರು ಸೇರಿ ಯೋಚಿಸುವ ಅರ್ಥವಿದೆ. ‘ಆಪ್ತ’ ಎಂಬುದಕ್ಕೆ ಹತ್ತಿರದವರು ಎಂಬ ಅರ್ಥದ ಜೊತೆಗೆ ನಂಬಿಕೆಗೆ ಅರ್ಹರು ಎಂಬ ಹಳೆಯ ಅರ್ಥವೂ ಇದೆ. ಆಪ್ತವಾಕ್ಯ ಎನ್ನುವಾಗ ನಾವು ಹೇಳುವುದು ಅದನ್ನೇ. ನಂಬಿಕೆಗೆ ಅರ್ಹರಾಗಿ, ಜೊತೆಯಾಗಿ ಯೋಚಿಸುವುದು. ನನಗೆ ಈ ಹೆಸರು ಇಷ್ಟ. ಇನ್ನು ಮುಂದೆ ಅದನ್ನೇ ಬಳಸುತ್ತೇನೆ.

ಹೆಜ್ಜೆ 1: ಪುಸ್ತಕ ತೆರೆಯುವ ಮೊದಲು ನಿಮ್ಮ ನಂಬಿಕೆಯನ್ನು ಬರೆಯಿರಿ

ಯಾವ ಸಿದ್ಧಾಂತವನ್ನೂ ಓದದವರ ತಲೆಯಲ್ಲೂ ಒಂದು ಸಿದ್ಧಾಂತ ಇದ್ದೇ ಇರುತ್ತದೆ. ‘ಕಾಲವೇ ಎಲ್ಲವನ್ನೂ ಮರೆಸುತ್ತದೆ’ ಎನ್ನುವವರದು ಒಂದು ಸಿದ್ಧಾಂತ. ‘ಅತ್ತುಬಿಟ್ಟರೆ ಹಗುರವಾಗುತ್ತದೆ’ ಎನ್ನುವುದು ಇನ್ನೊಂದು. ‘ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು’ ಎನ್ನುವುದು ಮತ್ತೊಂದು. ಇವು ನಿಮ್ಮ ಮನೆಯಿಂದ, ನೀವು ನುಂಗಿದ ದುಃಖಗಳಿಂದ, ನಿಮಗೆ ಕೈಹಿಡಿದವರಿಂದ ಬಂದಿವೆ. ಬರೆದು ಕಣ್ಣೆದುರು ಇಟ್ಟುಕೊಳ್ಳದಿದ್ದರೆ ನಿಮಗೆ ಗೊತ್ತಿಲ್ಲದಂತೆಯೇ ಅವು ನಿಮ್ಮ ಮಾತನ್ನು ನಡೆಸುತ್ತವೆ.

ಒಂದು ಸಂಜೆ ಬಿಡುವು ಮಾಡಿಕೊಂಡು, ಯಾರಿಗೂ ತೋರಿಸಬೇಕಾಗಿಲ್ಲ ಎಂಬ ಧೈರ್ಯದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

- ಮನುಷ್ಯರು ಯಾಕೆ ಕುಗ್ಗುತ್ತಾರೆ? ಹಿಂದೆ ನಡೆದದ್ದರಿಂದಲೇ, ಈಗ ಯೋಚಿಸುವ ರೀತಿಯಿಂದಲೇ, ಸುತ್ತಲಿನ ಅನ್ಯಾಯದಿಂದಲೇ?
- ನನ್ನ ಬದುಕಿನಲ್ಲಿ ನಾನು ನಿಜವಾಗಿ ಬದಲಾದ ಒಂದು ಸಂದರ್ಭ ಯಾವುದು? ಅದಕ್ಕೆ ಕಾರಣ ಒಂದು ಅರಿವೇ, ಒಂದು ಸಂಬಂಧವೇ, ಮಾಡಿ ನೋಡಿದ ಕೆಲಸವೇ?
- ಯಾರಾದರೂ ನನ್ನೆದುರು ಅತ್ತರೆ ನನ್ನ ಮೈಯಲ್ಲಿ ಏನಾಗುತ್ತದೆ? ಸಿಟ್ಟಾದರೆ? ಐದು ನಿಮಿಷ ಮಾತೇ ಆಡದಿದ್ದರೆ?
- ಯಾರ ಕಷ್ಟವನ್ನು ಕೇಳಲು ನನಗೆ ಕಷ್ಟ?

ಎರಡನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ನಮ್ಮನ್ನು ಬದಲಿಸಿದ್ದು ಎಲ್ಲರನ್ನೂ ಬದಲಿಸುತ್ತದೆ ಎಂದು ನಾವೆಲ್ಲರೂ ಒಳಗೊಳಗೇ ನಂಬಿರುತ್ತೇವೆ. ಆರಂಭದ ದಿನಗಳ ಬಹಳಷ್ಟು ತಪ್ಪುಗಳು ಈ ನಂಬಿಕೆಯಿಂದಲೇ ಹುಟ್ಟುತ್ತವೆ.

ಹೆಜ್ಜೆ 2: ಎಲ್ಲ ಸಿದ್ಧಾಂತಗಳನ್ನೂ ಒಬ್ಬರದೇ ಕಥೆಯ ಮೂಲಕ ಓದಿ

ಸಿದ್ಧಾಂತಗಳನ್ನು ಪಟ್ಟಿ ಮಾಡಿ ಉರು ಹೊಡೆದರೆ ಪರೀಕ್ಷೆ ಮುಗಿಯುತ್ತದೆ, ಆದರೆ ಎದುರಿಗೆ ಒಬ್ಬರು ಬಂದು ಕುಳಿತಾಗ ಒಂದೂ ನೆರವಿಗೆ ಬರುವುದಿಲ್ಲ. ಬದಲಿಗೆ ಒಬ್ಬ ಕಾಲ್ಪನಿಕ ವ್ಯಕ್ತಿಯನ್ನು ಸೃಷ್ಟಿಸಿಕೊಂಡು, ಓದುವ ಪ್ರತಿಯೊಂದು ಸಿದ್ಧಾಂತದ ಮುಂದೆಯೂ ಅವರನ್ನು ಕೂರಿಸಿ. ನಾನು ಕಲಿಸುವಾಗ ಬಳಸುವ ವ್ಯಕ್ತಿ ಇವರು:

ವಯಸ್ಸು 34. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮನೆಯ ಹಿರಿಯ ಮಗಳು. ಎರಡು ವರ್ಷದ ಹಿಂದೆ ತಂದೆ ತೀರಿಕೊಂಡರು. ಯಾರು ಏನು ಕೇಳಿದರೂ ‘ಆಗಲಿ’ ಎನ್ನುತ್ತಾರೆ. ಕೆಲವು ತಿಂಗಳಿಂದ ನಸುಕಿನ ಮೂರು ಗಂಟೆಗೆ ಎದೆ ಹೊಡೆದುಕೊಂಡು ಎಚ್ಚರವಾಗುತ್ತದೆ. ‘ಹೇಳಿಕೊಳ್ಳುವಂಥದ್ದೇನೂ ಆಗಿಲ್ಲ, ಆದರೆ ದಣಿದುಹೋಗಿದ್ದೇನೆ’ ಎನ್ನುತ್ತಾರೆ.

ಮನೋವಿಶ್ಲೇಷಣೆ. ಸಿಗ್ಮಂಡ್ ಫ್ರಾಯ್ಡ್ ಅವರಿಂದ ಆರಂಭವಾದ ಈ ಪರಂಪರೆ, ನಮ್ಮನ್ನು ನಡೆಸುವ ಬಹಳಷ್ಟು ಸಂಗತಿಗಳು ನಮ್ಮ ಅರಿವಿನಾಚೆ ಇರುತ್ತವೆ ಎನ್ನುತ್ತದೆ. ‘ಆಗಲಿ’ ಎನ್ನುವುದನ್ನು ಈಕೆ ಎಲ್ಲಿ ಕಲಿತರು? ಒಳ್ಳೆಯವಳಾಗಿರದಿದ್ದರೆ ಪ್ರೀತಿ ಸಿಗದು ಎಂಬ ಭಯ ಎಷ್ಟು ಹಳೆಯದು? ಹೊರಬರದ ಸಿಟ್ಟು ಎಲ್ಲಿಗೆ ಹೋಗುತ್ತಿದೆ? ಈ ಪರಂಪರೆಯ ಅತಿ ದೊಡ್ಡ ಕೊಡುಗೆ ಭಾವವರ್ಗಾವಣೆ ಎಂಬ ಕಲ್ಪನೆ: ಹಳೆಯ ಸಂಬಂಧಗಳ ಭಾವನೆಗಳನ್ನು ಜನ ಈಗ ಎದುರಿಗಿರುವವರ ಮೇಲೆ ಇಡುತ್ತಾರೆ. ಅಂದರೆ ಈಕೆ ನಿಮಗೂ ‘ಆಗಲಿ’ ಎನ್ನುತ್ತಾರೆ. ನೀವು ಹೇಳಿದ ಸಮಯಕ್ಕೆ ಬರುತ್ತಾರೆ, ಕೊಟ್ಟ ಕೆಲಸ ಮಾಡಿ ತರುತ್ತಾರೆ, ನಾಲ್ಕನೆಯ ಭೇಟಿಗೆ ‘ಈಗ ಪರವಾಗಿಲ್ಲ, ತುಂಬ ಉಪಕಾರವಾಯಿತು’ ಎಂದು ನಿಮ್ಮನ್ನು ಸಂತೋಷಪಡಿಸುತ್ತಾರೆ. ಆ ಹೊಗಳಿಕೆಯಲ್ಲಿ ಆಕೆಯ ಸಮಸ್ಯೆಯೇ ಕುಳಿತಿದೆ ಎಂದು ಕಾಣದಿದ್ದರೆ ನೀವು ಆಕೆ ಮೆಚ್ಚಿಸಬೇಕಾದ ಇನ್ನೊಬ್ಬರಾಗಿಬಿಡುತ್ತೀರಿ. ನೀವು ಮುಂದೆ ಯಾವ ಸಿದ್ಧಾಂತವನ್ನು ಹಿಡಿದರೂ ಈ ಒಂದು ಪಾಠವನ್ನು ಬಿಡಬೇಡಿ. ಅದರ ಇನ್ನೊಂದು ಮುಖವೂ ಇದೆ: ಎದುರಿಗಿರುವವರು ನಿಮ್ಮಲ್ಲಿ ಎಬ್ಬಿಸುವ ಭಾವನೆಗಳು. ಅವುಗಳನ್ನು ಪ್ರತಿವರ್ಗಾವಣೆ ಎನ್ನುತ್ತಾರೆ.

1911ರಲ್ಲಿ ಫ್ರಾಯ್ಡ್ ಬಳಗದಿಂದ ಬೇರೆಯಾದ ಆಲ್ಫ್ರೆಡ್ ಆಡ್ಲರ್ ಮನುಷ್ಯನನ್ನು ಗುರಿಯತ್ತ ಸಾಗುವ, ಸಮಾಜದಲ್ಲಿ ತನ್ನ ಜಾಗ ಹುಡುಕುವ ಜೀವಿ ಎಂದು ಕಂಡರು. ಅವರು ಬಾಲ್ಯದ ಅತಿ ಹಳೆಯ ನೆನಪನ್ನು ಕೇಳುತ್ತಿದ್ದರು. ನೆನಪು ನಿಖರವೇ ಎಂಬುದು ಅಲ್ಲಿ ಮುಖ್ಯವಲ್ಲ. ಸಾವಿರ ಸಂಗತಿಗಳಲ್ಲಿ ಅದನ್ನೇ ಯಾಕೆ ಉಳಿಸಿಕೊಂಡರು ಎಂಬುದು ಮುಖ್ಯ. ತಮ್ಮನ ಕೈ ಹಿಡಿದು ರಸ್ತೆ ದಾಟಿಸಿದ್ದೇ ಈಕೆಯ ಮೊದಲ ನೆನಪಾಗಿದ್ದರೆ ನಿಮಗೆ ಒಂದು ಎಳೆ ಸಿಕ್ಕಿತು.

ವ್ಯಕ್ತಿಕೇಂದ್ರಿತ ಚಿಕಿತ್ಸೆ. ಬದಲಾವಣೆಗೆ ಅಗತ್ಯವಾದ, ಅಷ್ಟೇ ಇದ್ದರೂ ಸಾಕಾಗುವ ಸ್ಥಿತಿಗಳು ಯಾವುವು ಎಂದು ರೋಜರ್ಸ್ 1957ರ ಒಂದು ಲೇಖನದಲ್ಲಿ ಬರೆದರು. ಅವುಗಳಲ್ಲಿ ಮೂರನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ: ಪರಾನುಭೂತಿ, ಷರತ್ತಿಲ್ಲದ ಆದರ, ಒಳಗೂ ಹೊರಗೂ ಒಂದೇ ಆಗಿರುವ ಪ್ರಾಮಾಣಿಕತೆ. ಅನುಕಂಪದಲ್ಲಿ ನಾವು ದಡದಲ್ಲಿ ನಿಂತು ಮರುಗುತ್ತೇವೆ. ಪರಾನುಭೂತಿಯಲ್ಲಿ ಅವರ ಜಗತ್ತು ಅವರಿಗೆ ಹೇಗೆ ಕಾಣುತ್ತದೆಯೋ ಹಾಗೆ ಕಾಣಲು ಯತ್ನಿಸುತ್ತೇವೆ, ಕಂಡದ್ದು ಸರಿಯೇ ಎಂದು ಅವರನ್ನೇ ಕೇಳುತ್ತೇವೆ. ಈಕೆ ‘ಹೇಳಿಕೊಳ್ಳುವಂಥದ್ದೇನೂ ಆಗಿಲ್ಲ’ ಎಂದಾಗ ಹೊಸಬರು ‘ಹಾಗಾದರೆ ಏನೂ ಆಗಿಲ್ಲ ಎನ್ನುತ್ತೀರಿ’ ಎಂದು ಮಾತನ್ನು ಮರಳಿ ಒಪ್ಪಿಸುತ್ತಾರೆ. ಅದು ಗಿಳಿಪಾಠ. ‘ದಣಿಯುವುದಕ್ಕೂ ಒಂದು ದೊಡ್ಡ ಕಾರಣ ತೋರಿಸಬೇಕು ಎನ್ನಿಸುತ್ತಿದೆಯೇನೋ’ ಎಂದರೆ ಆಕೆ ತಲೆ ಎತ್ತಿ ನೋಡುತ್ತಾರೆ. ಹೇಳದೆ ಉಳಿದ ಅರ್ಧವಾಕ್ಯವನ್ನು ಕೇಳಿಸಿಕೊಳ್ಳುವ ಈ ಕೌಶಲಕ್ಕೆ ವರ್ಷಗಳು ಬೇಕು. ನೋಡಲು ಸುಲಭವೆನಿಸುವ ಈ ಪದ್ಧತಿಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು.

ಅಸ್ತಿತ್ವವಾದಿಗಳು ಮತ್ತು ಗೆಸ್ಟಾಲ್ಟ್. ತಂದೆಯ ಸಾವು ಈಕೆಯ ಕಥೆಯಲ್ಲಿ ಒಂದೇ ವಾಕ್ಯವಾಗಿ ಹಾದುಹೋಯಿತು. ವಿಕ್ಟರ್ ಫ್ರಾಂಕಲ್, ರೋಲೊ ಮೇ, ಇರ್ವಿನ್ ಯಾಲಮ್ ಮುಂತಾದವರು ಅಲ್ಲಿ ನಿಲ್ಲುತ್ತಾರೆ. ಸಾವು, ಸ್ವಾತಂತ್ರ್ಯ, ಒಂಟಿತನ, ಅರ್ಥಹೀನತೆ ಎಂಬ ನಾಲ್ಕು ಸತ್ಯಗಳನ್ನು ಯಾಲಮ್ ಹೆಸರಿಸಿದರು. ಇವು ಗುಣಪಡಿಸಬೇಕಾದ ರೋಗಗಳಲ್ಲ, ಎದುರಿಸಬೇಕಾದ ವಾಸ್ತವಗಳು. ಮೇಲೆ ಕಂಡ ಪರ್ಲ್ಸ್ ಅವರ ಗೆಸ್ಟಾಲ್ಟ್ ಪದ್ಧತಿ ಇದನ್ನೇ ಈ ಕ್ಷಣಕ್ಕೆ ತರುತ್ತದೆ. ಖಾಲಿ ಕುರ್ಚಿಯೊಂದನ್ನು ಎದುರಿಗಿಟ್ಟು, ತಂದೆ ಅಲ್ಲಿದ್ದಾರೆ ಎಂದುಕೊಂಡು ಮಾತನಾಡಿ ಎನ್ನುತ್ತದೆ. ಬಲವಾದ ತಂತ್ರ. ಸರಿಯಾದ ತರಬೇತಿಯಿಲ್ಲದೆ, ಎರಡನೆಯ ಭೇಟಿಯಲ್ಲೇ ಇದಕ್ಕೆ ಕೈಹಾಕಬೇಡಿ.

ವರ್ತನಾ ಚಿಕಿತ್ಸೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಒಬ್ಬ ಪುಟ್ಟ ಹುಡುಗನಿಗೆ ಇಷ್ಟದ ತಿನಿಸು ಕೊಡುತ್ತ, ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಭಯ ಕರಗಿತು. ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ಇದೇ ದಾರಿಯನ್ನು ವ್ಯವಸ್ಥಿತ ವಿಧಾನವಾಗಿಸಿದರು. ಈಕೆಯ ಜೊತೆ ನೀವು ‘ಇಲ್ಲ’ ಎನ್ನುವುದರ ಏಣಿಯೊಂದನ್ನು ಕಟ್ಟಬಹುದು: ಕೆಳಗಿನ ಮೆಟ್ಟಿಲಲ್ಲಿ ಫೋನಿನಲ್ಲಿ ಏನನ್ನೋ ಮಾರಲು ಬರುವ ಅಪರಿಚಿತರಿಗೆ, ಮೇಲಿನ ಮೆಟ್ಟಿಲಲ್ಲಿ ಕಚೇರಿಯ ಮೇಲಧಿಕಾರಿಗೆ. ತುತ್ತತುದಿಯಲ್ಲಿ ಬಹುಶಃ ತಾಯಿ.

ಅರಿವಿನ ಚಿಕಿತ್ಸೆ. ಇದರ ಹುಟ್ಟಿನ ಕಥೆ ನನಗೆ ಬಹಳ ಮುಖ್ಯವೆನಿಸುತ್ತದೆ. ಆರನ್ ಬೆಕ್ ಮನೋವಿಶ್ಲೇಷಣೆಯಲ್ಲೇ ತರಬೇತಿ ಪಡೆದವರು. ಖಿನ್ನತೆಯೆಂದರೆ ತನ್ನ ಮೇಲೇ ತಿರುಗಿದ ಸಿಟ್ಟು ಎಂಬ ಆ ಪರಂಪರೆಯ ಮಾತನ್ನು ಸಾಬೀತು ಮಾಡಲು ಅವರು ಖಿನ್ನತೆಯಿದ್ದವರ ಕನಸುಗಳನ್ನು ಅಧ್ಯಯನ ಮಾಡಿದರು. ಕನಸುಗಳಲ್ಲಿ ಸಿಗಬೇಕಿದ್ದದ್ದು ಸಿಟ್ಟು. ಸಿಕ್ಕಿದ್ದು ಸೋಲು ಮತ್ತು ಕಳೆದುಕೊಳ್ಳುವಿಕೆ. ಬೆಕ್ ಸಿದ್ಧಾಂತವನ್ನು ಉಳಿಸಿಕೊಳ್ಳಲು ಸಾಕ್ಷ್ಯವನ್ನು ಬಗ್ಗಿಸಲಿಲ್ಲ. ಜನರ ಮನಸ್ಸಿನಲ್ಲಿ ತಾನಾಗಿಯೇ ಮಿಂಚಿ ಮಾಯವಾಗುವ ಯೋಚನೆಗಳ ಕಡೆ ಹೊರಳಿ, 1960ರ ದಶಕದಲ್ಲಿ ಅರಿವಿನ ಚಿಕಿತ್ಸೆಯನ್ನು ಕಟ್ಟಿದರು. ಘಟನೆಗಿಂತ ಘಟನೆಯ ಬಗೆಗಿನ ನಂಬಿಕೆಯೇ ನಮ್ಮನ್ನು ಕಾಡುತ್ತದೆ ಎಂದು ಎಲ್ಲಿಸ್ 1950ರ ದಶಕದಲ್ಲೇ ಹೇಳತೊಡಗಿದ್ದರು. ನಮ್ಮ ಲೆಕ್ಕಪತ್ರದ ಮಹಿಳೆಯ ಜೊತೆ ಇಲ್ಲಿ ಹುಡುಕುವುದು: ಯಾರೋ ಕೆಲಸ ಹೇಳಿದಾಗ, ‘ಆಗಲಿ’ ಎನ್ನುವುದಕ್ಕೆ ಒಂದು ಕ್ಷಣ ಮೊದಲು, ಮನಸ್ಸಿನಲ್ಲಿ ಹಾದುಹೋದ ವಾಕ್ಯ ಯಾವುದು? ‘ಒಲ್ಲೆ ಎಂದರೆ ನನ್ನನ್ನು ಸ್ವಾರ್ಥಿ ಎನ್ನುತ್ತಾರೆ’ ಎಂಬುದೇ? ಅದಕ್ಕೆ ಆಧಾರವೇನು? ಆಧಾರವಿದೆಯೇ ಎಂದು ಮಾಡಿ ನೋಡಲು ಸಾಧ್ಯವೇ?

ಇದೇ ಕುಟುಂಬದಲ್ಲಿ ಮುಂದೆ ಬಂದ ಸ್ಟೀವನ್ ಹೇಯ್ಸ್ ಮತ್ತು ಮಾರ್ಷಾ ಲೈನ್‌ಹನ್ ಅವರ ಪದ್ಧತಿಗಳು ಯೋಚನೆಯನ್ನು ಬದಲಿಸುವುದರ ಜೊತೆಗೆ ಅದನ್ನು ಒಪ್ಪಿಕೊಂಡು, ಅಂತರದಿಂದ ನೋಡುವುದನ್ನೂ ಕಲಿಸುತ್ತವೆ. ವಿಲಿಯಂ ಗ್ಲಾಸರ್ ಅವರ ವಾಸ್ತವ ಚಿಕಿತ್ಸೆ ‘ನಿಮಗೆ ಬೇಕಾದದ್ದೇನು, ಅದಕ್ಕಾಗಿ ಈಗ ಏನು ಮಾಡುತ್ತಿದ್ದೀರಿ, ಅದು ಕೆಲಸ ಮಾಡುತ್ತಿದೆಯೇ’ ಎಂದು ನೇರವಾಗಿ ಕೇಳುತ್ತದೆ.

ಪರಿಹಾರಕೇಂದ್ರಿತ ಮತ್ತು ಕಥನ ಚಿಕಿತ್ಸೆಗಳು. ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಸಮಸ್ಯೆಯ ಬೇರು ಅಗೆಯುವುದನ್ನು ಬಿಟ್ಟು, ಸಮಸ್ಯೆ ಇಲ್ಲದ ಗಳಿಗೆಗಳನ್ನು ಹುಡುಕಿದರು. ‘ಹತ್ತಕ್ಕೆ ಈಗ ಎಷ್ಟರಲ್ಲಿದ್ದೀರಿ?’ ‘ಮೂರು.’ ‘ಎರಡಾಗದೆ ಮೂರಾಗಿರುವುದು ಹೇಗೆ?’ ಈ ಪುಟ್ಟ ಪ್ರಶ್ನೆ ಮುಚ್ಚಿದ ಬಾಗಿಲನ್ನು ತೆರೆಯುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ. ಮೈಕೆಲ್ ವೈಟ್ ಮತ್ತು ಡೇವಿಡ್ ಎಪ್ಸ್ಟನ್ ಸಮಸ್ಯೆಯನ್ನು ವ್ಯಕ್ತಿಯಿಂದ ಬೇರ್ಪಡಿಸಿ ಮಾತನಾಡಲು ಕಲಿಸಿದರು. ‘ಈ ಒಳ್ಳೆಯತನದ ಒತ್ತಡ ನಿಮ್ಮ ಬದುಕಿಗೆ ಯಾವಾಗ ಬಂತು? ಅದರ ಮಾತನ್ನು ನೀವು ಕೇಳದ ದಿನ ಯಾವುದಾದರೂ ಇತ್ತೇ?’

ಕುಟುಂಬ ಮತ್ತು ಸಮಾಜ. ಮರ್ರೆ ಬೋವೆನ್ ಅವರ ದಾರಿಯಲ್ಲಿ ಕೆಲಸ ಮಾಡುವವರು ಕನಿಷ್ಠ ಮೂರು ತಲೆಮಾರಿನ ವಂಶನಕ್ಷೆ ಬರೆಸುತ್ತಾರೆ. ತಂದೆ ಹೋದ ಮೇಲೆ ಆ ಮನೆಯ ಭಾರ ಯಾರ ಹೆಗಲಿಗೆ ಬಂತು? ಈಕೆ ‘ಇಲ್ಲ’ ಎಂದರೆ ಯಾರ ನೆಮ್ಮದಿ ಕೆಡುತ್ತದೆ? ಸ್ತ್ರೀವಾದಿ ಚಿಕಿತ್ಸಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಣ್ಣುಮಕ್ಕಳು ಒಲ್ಲೆ ಎನ್ನಬಾರದು ಎಂದು ಕಲಿಸಿದ ವ್ಯವಸ್ಥೆಯ ಪಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇದನ್ನು ಕೊನೆಗೆ ಓದಿ ಮರೆಯುವವರು ಬಹಳ. ಮೂರು ಜನರ ಕೆಲಸವನ್ನು ಒಬ್ಬರಿಂದ ಮಾಡಿಸುವ ಕಚೇರಿಯಲ್ಲಿ ದಣಿದವರಿಗೆ ಯೋಚನೆ ತಿದ್ದಿಕೊಳ್ಳಿ ಎನ್ನುವುದು ಅನ್ಯಾಯಕ್ಕೆ ಕೈಜೋಡಿಸಿದಂತೆ.

ಈಗ ನಿಮ್ಮದೇ ಕಾಲ್ಪನಿಕ ವ್ಯಕ್ತಿಗೆ ಇದನ್ನೆಲ್ಲ ಮಾಡಿ. ಪ್ರತಿ ಸಿದ್ಧಾಂತಕ್ಕೆ ಅರ್ಧ ಪುಟ ಸಾಕು: ನೋವಿಗೆ ಅದು ಕೊಡುವ ಕಾರಣ, ಮೊದಲ ಭೇಟಿಯಲ್ಲಿ ಅದು ಕೇಳುವ ಒಂದು ಪ್ರಶ್ನೆ, ಅದಕ್ಕೆ ಕಾಣದೆ ಹೋಗುವ ಒಂದು ಸಂಗತಿ. ಬರೆಯುವಾಗ ಎಲ್ಲಿ ಕೈ ತಾನಾಗಿ ಓಡಿತು, ಎಲ್ಲಿ ಎಳೆದಂತಾಯಿತು ಎಂದು ಗುರುತು ಹಾಕಿಕೊಳ್ಳಿ.

ಹೆಜ್ಜೆ 3: ಒಂದನ್ನು ಆರಿಸಿ, ಒಂದು ವರ್ಷ ಅದರಲ್ಲೇ ಉಳಿಯಿರಿ

‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎನ್ನುತ್ತದೆ ಗಾದೆ. ‘ನಾನು ಎಲ್ಲದರಿಂದ ಒಳ್ಳೆಯದನ್ನು ತೆಗೆದುಕೊಳ್ಳುತ್ತೇನೆ’ ಎಂದು ಮೊದಲ ವರ್ಷದಲ್ಲೇ ಹೇಳುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಹಾಗೆ ಹೇಳುವವರು ಮಾತುಕತೆ ಕಷ್ಟವಾದ ಕೂಡಲೇ ತಂತ್ರ ಬದಲಿಸುತ್ತಾರೆ. ಮೌನ ಬಂದರೆ ಪ್ರಶ್ನೆ, ಅಳು ಬಂದರೆ ಉಸಿರಾಟದ ಅಭ್ಯಾಸ, ಸಿಟ್ಟು ಬಂದರೆ ಗುರಿಪಟ್ಟಿ. ಹಾಗೆ ಬದಲಿಸಿದಾಗ ಇಳಿಯುವುದು ಸಮಾಲೋಚಕರ ಕಸಿವಿಸಿ, ಬಂದವರ ನೋವು ಇದ್ದಲ್ಲೇ ಇರುತ್ತದೆ.

ಯಾವುದನ್ನು ಆರಿಸಬೇಕು? ಮೂರು ಸಂಗತಿಗಳನ್ನು ನೋಡಿ. ಮೊದಲ ಹೆಜ್ಜೆಯಲ್ಲಿ ನೀವು ಬರೆದ ನಂಬಿಕೆಗೆ ಅದು ಹತ್ತಿರವಿರಲಿ. ನಿಮ್ಮ ಬಳಿ ಬರುವವರ ಕಷ್ಟಗಳಿಗೆ ಅದು ಹೊಂದಲಿ. ಅದನ್ನು ಚೆನ್ನಾಗಿ ಬಲ್ಲ ಮೇಲ್ವಿಚಾರಕರೊಬ್ಬರು, ಅಂದರೆ ನಿಮ್ಮ ಕೆಲಸವನ್ನು ನೋಡಿ ತಿದ್ದುವ ಅನುಭವಿ ಸಮಾಲೋಚಕರು, ನಿಮಗೆ ಸಿಗುವಂತಿರಲಿ. ಮೂರನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ನಿಮಗೆ ಅಷ್ಟೇನೂ ಹಿಡಿಸದ ಪದ್ಧತಿಯನ್ನು ಒಳ್ಳೆಯ ಮೇಲ್ವಿಚಾರಕರ ಕೈಯಲ್ಲಿ ಕಲಿಯುವುದು, ಇಷ್ಟದ ಪದ್ಧತಿಯನ್ನು ಒಬ್ಬರೇ ಪುಸ್ತಕದಿಂದ ಕಲಿಯುವುದಕ್ಕಿಂತ ಮೇಲು.

ಥಾಮಸ್ ಸ್ಕೋವ್‌ಹೋಲ್ಟ್ ಮತ್ತು ಮೈಕೆಲ್ ರೋನ್ನೆಸ್ಟಾಡ್ ಎಂಬ ಸಂಶೋಧಕರು ನೂರು ಮಂದಿ ಸಮಾಲೋಚಕರನ್ನು ಮಾತನಾಡಿಸಿ, ಈ ವೃತ್ತಿಯಲ್ಲಿ ಜನ ಹೇಗೆ ಬೆಳೆಯುತ್ತಾರೆ ಎಂದು ಅಧ್ಯಯನ ಮಾಡಿದರು. ಆರಂಭದಲ್ಲಿ ಎಲ್ಲರೂ ಹೊರಗಿನ ನಿಯಮಗಳಿಗೆ ಜೋತುಬಿದ್ದಿರುತ್ತಾರೆ. ಅನುಭವ ಬಂದಂತೆ ತಮ್ಮ ಒಳಗಿನ ವಿವೇಚನೆಯ ಮೇಲೆ ನಿಲ್ಲತೊಡಗುತ್ತಾರೆ. ಮೊದಲ ವರ್ಷ ನೀವು ಬೇರೆಯವರ ಹಾಗೆ ಮಾತನಾಡುತ್ತಿದ್ದೀರಿ ಎನಿಸಿದರೆ ಕಂಗೆಡಬೇಡಿ.

ಹೆಜ್ಜೆ 4: ಸಿದ್ಧಾಂತದಾಚೆಗೆ ಏನು ಕೆಲಸ ಮಾಡುತ್ತದೆ ಎಂದು ತಿಳಿಯಿರಿ

ಬೇರೆ ಬೇರೆ ಚಿಕಿತ್ಸೆಗಳು ಒಂದೇ ರೀತಿಯ ಫಲ ಕೊಡುವುದಾದರೆ ಅವುಗಳಲ್ಲಿ ಸಮಾನವಾಗಿರುವುದೇ ಗುಣಪಡಿಸುತ್ತಿರಬಹುದು ಎಂದು ಸಾಲ್ ರೋಸೆನ್‌ಜ್ವೈಗ್ 1936ರಲ್ಲೇ ಬರೆದರು. ಆ ಚರ್ಚೆ ಇಂದಿಗೂ ನಡೆದಿದೆ. ಸಮಾಲೋಚಕ ಮತ್ತು ಬಂದವರ ನಡುವಿನ ಬಾಂಧವ್ಯ ಗಟ್ಟಿಯಾಗಿದ್ದಲ್ಲಿ ಫಲಿತಾಂಶವೂ ಉತ್ತಮವಾಗಿರುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಹಾಗೆಂದು ಎಲ್ಲಕ್ಕೂ ಎಲ್ಲವೂ ಸಮ ಎಂದುಕೊಳ್ಳಬಾರದು. ನಿರ್ದಿಷ್ಟ ಭಯಗಳಿಗೆ, ಗೀಳು ರೋಗಕ್ಕೆ, ಹೆದರಿಕೆಯನ್ನು ಹಂತಹಂತವಾಗಿ ಎದುರಿಸುವ ಪದ್ಧತಿಗೆ ಗಟ್ಟಿಯಾದ ಆಧಾರವಿದೆ. ಅಂಥವರ ಜೊತೆ ವರ್ಷಗಟ್ಟಲೆ ಬಾಲ್ಯದ ಬಗ್ಗೆ ಮಾತ್ರ ಮಾತನಾಡುವುದನ್ನು ನಾನು ಒಪ್ಪುವುದಿಲ್ಲ.

ಬಾಂಧವ್ಯ ಎಂದರೆ ಹಿತವಾಗಿ ಮಾತನಾಡುವುದಷ್ಟೇ ಎಂದು ಹಲವರು ತಿಳಿಯುತ್ತಾರೆ. ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಅದನ್ನು ಮೂರಾಗಿ ಬಿಡಿಸಿಟ್ಟರು: ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಒಮ್ಮತ, ಹೇಗೆ ಹೋಗಬೇಕು ಎಂಬುದರಲ್ಲಿ ಒಮ್ಮತ, ಪರಸ್ಪರ ನಂಬಿಕೆ. ನನ್ನ ಮೊದಲ ವರ್ಷಗಳ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಸಂಗಾತಿಯನ್ನು ಕಳೆದುಕೊಂಡು ಹೆಚ್ಚು ದಿನವಾಗದ ಒಬ್ಬರು ಬಂದಿದ್ದರು. ನಾನು ಆಗಷ್ಟೇ ಕಲಿತಿದ್ದ ಯೋಚನೆಗಳ ದಾಖಲೆಪಟ್ಟಿಯನ್ನು ಅವರ ಕೈಗಿತ್ತೆ. ಅವರು ಮರ್ಯಾದೆಯಿಂದ ಮಡಚಿ ಜೇಬಿಗೆ ಹಾಕಿಕೊಂಡರು, ಮತ್ತೆ ಬರಲಿಲ್ಲ. ನನ್ನ ಮೇಲೆ ಅವರಿಗೆ ನಂಬಿಕೆ ಇತ್ತೆಂದೇ ಅನ್ನಿಸುತ್ತದೆ. ಆದರೆ ಅವರು ಬಂದದ್ದು ಒಂದು ಹೆಸರನ್ನು ಬಾಯಿತುಂಬ ಹೇಳಲು; ನಾನು ಮಾಡಹೊರಟದ್ದು ತಿದ್ದುವ ಕೆಲಸ. ಆ ಮಡಚಿದ ಹಾಳೆ ಇಂದಿಗೂ ನನ್ನ ಕಣ್ಣಮುಂದಿದೆ.

ಬಾಂಧವ್ಯ ಬಿರುಕು ಬಿಡುವುದು ಎರಡು ಬಗೆಯಲ್ಲಿ ಎಂದು ಜೆರೆಮಿ ಸಫ್ರಾನ್ ಮತ್ತು ಕ್ರಿಸ್ಟೋಫರ್ ಮುರಾನ್ ತೋರಿಸಿದರು. ಕೆಲವರು ಎದುರಿಸಿ ಜಗಳವಾಡುತ್ತಾರೆ, ಕೆಲವರು ಸದ್ದಿಲ್ಲದೆ ಹಿಂದೆ ಸರಿಯುತ್ತಾರೆ. ಎರಡನೆಯದನ್ನು ಕಾಣಲು ಕಣ್ಣು ಪಳಗಬೇಕು. ‘ಆಗಲಿ’ ಎನ್ನುವವರು ಸರಿಯುವುದು ಹೀಗೆಯೇ.

ಹೆಜ್ಜೆ 5: ನಿಮ್ಮ ಧ್ವನಿಯನ್ನು ನೀವೇ ಕೇಳಿ

ಶೈಲಿಯನ್ನು ಯೋಚಿಸಿ ಕಂಡುಕೊಳ್ಳಲಾಗದು, ಕೇಳಿ ಕಂಡುಕೊಳ್ಳಬೇಕು. ಬಂದವರ ಲಿಖಿತ ಒಪ್ಪಿಗೆ ಪಡೆದು ಒಂದು ಭೇಟಿಯನ್ನು ಧ್ವನಿಮುದ್ರಿಸಿಕೊಳ್ಳಿ. ಯಾಕೆ, ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತೀರಿ ಎಂಬುದನ್ನು ಮೊದಲೇ ತಿಳಿಸಿ. ಒಪ್ಪದಿದ್ದರೂ ಸೇವೆಗೆ ಕುಂದಿಲ್ಲ ಎಂಬುದನ್ನು ಸ್ಪಷ್ಟಪಡಿಸಿ. ಆಮೇಲೆ ನಡುವಿನ ಹತ್ತು ನಿಮಿಷವನ್ನು ಅಕ್ಷರಕ್ಕಿಳಿಸಿ. ನಿಮ್ಮ ಪ್ರತಿ ಮಾತಿನ ಪಕ್ಕ ಅದು ಪ್ರಶ್ನೆಯೋ, ಪ್ರತಿಫಲನವೋ (ಅವರ ಮಾತಿನಲ್ಲಿ ನಿಮಗೆ ಕೇಳಿಸಿದ ಅರ್ಥವನ್ನು ಅವರಿಗೇ ಮರಳಿ ಹೇಳುವುದು), ವಿವರಣೆಯೋ, ಸಲಹೆಯೋ ಎಂದು ಬರೆದು ಎಣಿಸಿ.

ಬಹುಪಾಲು ಹೊಸಬರ ಹಾಳೆ ಪ್ರಶ್ನೆಗಳಿಂದಲೇ ತುಂಬಿರುತ್ತದೆ. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ರೂಪಿಸಿದ, ಬದಲಾಗುವ ಕಾರಣಗಳನ್ನು ಬಂದವರ ಬಾಯಿಂದಲೇ ಹೊರತರುವ ಪ್ರೇರಣಾ ಸಂದರ್ಶನದ ತರಬೇತಿಯಲ್ಲಿ ಒಂದು ಪ್ರಶ್ನೆಗೆ ಎರಡು ಪ್ರತಿಫಲನಗಳು ಎಂಬುದನ್ನು ನುರಿತವರ ಅಳತೆಯಾಗಿ ಇಡುತ್ತಾರೆ. ನಿಮ್ಮ ಪದ್ಧತಿ ಬೇರೆಯಾಗಿದ್ದರೂ ಎಣಿಸಿ ನೋಡಿ. ಎಲ್ಲಿ ಮಾತನ್ನು ತುಂಡರಿಸಿದಿರಿ? ಯಾವ ಪದ ಬಂದಾಗ ವಿಷಯ ಬದಲಿಸಿದಿರಿ? ಸಾವಿನ ಮಾತು ಬಂದಾಗಲೆಲ್ಲ ನಿದ್ದೆಯ ಬಗ್ಗೆ ಕೇಳಿದ್ದರೆ, ಆ ಭಯ ಬಂದವರದಲ್ಲ, ನಿಮ್ಮದು. ಇದನ್ನು ಮೇಲ್ವಿಚಾರಕರ ಬಳಿ ಒಯ್ಯಿರಿ; ಚೆನ್ನಾಗಿ ನಡೆದ ಭೇಟಿಯನ್ನಲ್ಲ, ಮುಜುಗರವಾದ ಭೇಟಿಯನ್ನು. ಸಾಧ್ಯವಿದ್ದರೆ ನೀವೇ ಇನ್ನೊಬ್ಬ ಸಮಾಲೋಚಕರ ಎದುರು ಕೆಲವು ತಿಂಗಳು ಕೂರಿ. ಆ ಕುರ್ಚಿಯಲ್ಲಿ ಕುಳಿತು ಮಾತು ಹುಡುಕುವುದು ಎಷ್ಟು ಕಷ್ಟ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ.

ಈ ಅಭ್ಯಾಸದ ನಡುವೆಯೇ ನಿಮ್ಮ ಗುಣಗಳು ಮೇಲೆ ಬರುತ್ತವೆ. ಕೆಲವರ ಮಾತು ನಿಧಾನ, ಕೆಲವರದು ಚುರುಕು. ಕೆಲವರು ಚಿತ್ರ ಬರೆದು ವಿವರಿಸುತ್ತಾರೆ. ಇವುಗಳನ್ನು ಒರೆಸಿಹಾಕಬೇಕಾಗಿಲ್ಲ, ಯಾರಿಗೆ, ಯಾವಾಗ ಅವು ಭಾರವಾಗುತ್ತವೆ ಎಂದು ತಿಳಿದಿದ್ದರೆ ಸಾಕು.

ಹೆಜ್ಜೆ 6: ಬೇರೆ ಕಡೆಯಿಂದ ತರುವಾಗ ಲೆಕ್ಕ ಇಟ್ಟು ತನ್ನಿ

ಒಂದು ಪದ್ಧತಿ ಕೈಗೆ ಹತ್ತಿದ ಮೇಲೆ ಅದರ ಗೋಡೆಗಳೂ ಕಾಣತೊಡಗುತ್ತವೆ. ಆಗ ಹೊರಗಿನಿಂದ ತರುವ ಹೊತ್ತು. ಆರ್ನಾಲ್ಡ್ ಲಾಜರಸ್ ಸಿದ್ಧಾಂತಗಳನ್ನು ಬೆರೆಸದೆ ತಂತ್ರಗಳನ್ನು ಮಾತ್ರ ಎರವಲು ತರಬಹುದು ಎಂದರು. ಸ್ಟ್ಯಾನ್ಲಿ ಮೆಸ್ಸರ್ ಅವರ ದಾರಿ ಬೇರೆ: ನಿಮ್ಮ ಮೂಲಮನೆ ಒಂದೇ ಇರಲಿ, ಹೊರಗಿನಿಂದ ತಂದದ್ದನ್ನು ಆ ಮನೆಗೆ ಒಗ್ಗಿಸಿಕೊಳ್ಳಿ. ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನು.

ತರುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಇದು ಯಾರಿಗೆ ಬೇಕು, ಅವರಿಗೋ ನನ್ನ ಚಡಪಡಿಕೆಗೋ? ಯಾಕೆ ಈಗ? ನಮ್ಮ ಇಷ್ಟು ದಿನದ ಕೆಲಸಕ್ಕೆ ಇದನ್ನು ಹೇಗೆ ಜೋಡಿಸಿ ಹೇಳುತ್ತೇನೆ? ವ್ಯಕ್ತಿಕೇಂದ್ರಿತವಾಗಿ ಕೆಲಸ ಮಾಡುವವರು ‘ಇಲ್ಲ’ ಎನ್ನುವ ಏಣಿಯನ್ನು ತರಬಹುದು, ಆದರೆ ಮೆಟ್ಟಿಲುಗಳನ್ನು ಆಕೆಯೇ ಆರಿಸಲಿ. ಮನೋವಿಶ್ಲೇಷಣೆಯವರು ಅದೇ ಏಣಿಯನ್ನು ತಂದರೆ, ಆಕೆ ನಿಮ್ಮನ್ನು ಮೆಚ್ಚಿಸಲೆಂದೇ ಮೆಟ್ಟಿಲು ಹತ್ತುತ್ತಿದ್ದಾರೆಯೇ ಎಂದು ನೋಡುತ್ತಿರಬೇಕು. ತಂತ್ರ ಒಂದೇ, ಮನೆ ಬದಲಾದಂತೆ ಅದರ ಅರ್ಥ ಬದಲಾಗುತ್ತದೆ.

ಹೆಜ್ಜೆ 7: ಬಂದವರನ್ನೇ ಕೇಳಿ

ಪ್ರತಿ ಭೇಟಿಯ ಕೊನೆಯ ಐದು ನಿಮಿಷವನ್ನು ಇದಕ್ಕೆ ಮೀಸಲಿಡಿ. ಸ್ಕಾಟ್ ಮಿಲ್ಲರ್ ಮತ್ತು ಬ್ಯಾರಿ ಡಂಕನ್ ಇದಕ್ಕಾಗಿ ನಾಲ್ಕೇ ಅಂಶಗಳ ಪುಟ್ಟ ಮಾಪಕಗಳನ್ನು ರೂಪಿಸಿದ್ದಾರೆ. ಮಾಪಕ ಇಲ್ಲದಿದ್ದರೂ ಬಾಯಿಮಾತಿನಲ್ಲಿ ಕೇಳಬಹುದು: ನಿಮ್ಮ ಮಾತು ನನಗೆ ಮುಟ್ಟಿತು ಎನಿಸಿತೇ? ನೀವು ಮಾತನಾಡಬೇಕೆಂದುಕೊಂಡದ್ದನ್ನೇ ಮಾತನಾಡಿದೆವೇ? ನಾನು ನಡೆಸುತ್ತಿರುವ ರೀತಿ ನಿಮಗೆ ಹೊಂದುತ್ತಿದೆಯೇ? ಇಂದು ಏನು ಬಿಟ್ಟುಹೋಯಿತು?

‘ಎಲ್ಲ ಚೆನ್ನಾಗಿತ್ತು’ ಎಂಬುದೇ ಬಹುತೇಕ ಉತ್ತರ. ಅಲ್ಲಿಗೇ ನಿಲ್ಲಬೇಡಿ. ‘ಹತ್ತರಲ್ಲಿ ಒಂದು ಪಾಲು ಸರಿಯಿಲ್ಲದಿದ್ದರೆ ಅದು ಯಾವುದಿರಬಹುದು?’ ಎಂದು ಕೇಳಿ. ನಮ್ಮ ಲೆಕ್ಕಪತ್ರದ ಮಹಿಳೆ ಮೂರನೆಯ ವಾರ ‘ನೀವು ಗಡಿಯಾರ ನೋಡಿದಿರಿ’ ಎಂದರೆ, ಕ್ಷಮೆ ಕೇಳಿ, ಹೇಳಿದ್ದಕ್ಕೆ ಮನಸಾರೆ ಧನ್ಯವಾದ ಹೇಳಿ. ಆಕೆ ಎಲ್ಲಿಂದಲೋ ಧೈರ್ಯ ತಂದು ಮೊದಲ ‘ಇಲ್ಲ’ವನ್ನು ನಿಮಗೇ ಹೇಳಿದ್ದಾರೆ.

ಹೆಜ್ಜೆ 8: ನಿಮ್ಮ ಗಡಿಯನ್ನು ಗುರುತಿಸಿಕೊಳ್ಳಿ

ನಸುಕಿನಲ್ಲಿ ಎದೆ ಹೊಡೆದುಕೊಂಡು ಏಳುವುದಕ್ಕೆ ಥೈರಾಯ್ಡ್, ಹೃದಯ, ಔಷಧಿಗಳೂ ಕಾರಣವಾಗಬಹುದು. ಸಿದ್ಧಾಂತದ ಉತ್ಸಾಹದಲ್ಲಿ ಇದು ಮರೆತುಹೋಗುತ್ತದೆ. ವೈದ್ಯರಿಗೆ ತೋರಿಸಿದ್ದೀರಾ ಎಂದು ಮೊದಲ ಭೇಟಿಯಲ್ಲೇ ಕೇಳಿ. ಇಲ್ಲದ ದನಿಗಳು ಕೇಳಿಸುವುದು, ವಾಸ್ತವದಿಂದ ಕಳಚಿಕೊಂಡ ಬಲವಾದ ನಂಬಿಕೆಗಳು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಅತಿಯಾದ ಉತ್ಸಾಹ, ಮದ್ಯ ಬಿಟ್ಟಾಗಿನ ನಡುಕ, ಅಪಾಯದ ಮಟ್ಟಕ್ಕೆ ಇಳಿದ ಊಟ ಕಂಡರೆ ಮನೋವೈದ್ಯರ ಬಳಿ ಕಳುಹಿಸಿ. ಅವರೊಡನೆ ಕೈಜೋಡಿಸಿ ಕೆಲಸ ಮಾಡಿ.

ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಸುಳಿವು ಕಂಡಾಗ ಸುತ್ತುಬಳಸದೆ, ಅದೇ ಪದ ಬಳಸಿ ಕೇಳಿ. ಕೇಳಿದರೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ‘ಹೌದು’ ಎಂದರೆ ಏನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನು ಮೇಲ್ವಿಚಾರಕರ ಜೊತೆ ಮೊದಲೇ ಬರೆದಿಟ್ಟುಕೊಂಡಿರಿ. ಗೋಪ್ಯತೆಗೆ ಇರುವ ಮಿತಿಗಳನ್ನು ಮೊದಲ ಭೇಟಿಯ ಮೊದಲ ನಿಮಿಷಗಳಲ್ಲೇ ಹೇಳಿ. ಎಲ್ಲ ಹೇಳಿಕೊಂಡ ಮೇಲೆ ‘ಇದನ್ನು ನಾನು ಗುಟ್ಟಾಗಿಡಲಾಗದು’ ಎಂದು ಕೇಳಿಸಿಕೊಂಡವರು ಮತ್ತೊಮ್ಮೆ ಯಾರನ್ನಾದರೂ ನಂಬುವುದು ಕಷ್ಟ.

ಹೆಜ್ಜೆ 9: ಒಂದು ಪುಟ ಬರೆಯಿರಿ

ಈಗ ನಿಮ್ಮ ಶೈಲಿಯನ್ನು ಒಂದೇ ಪುಟದಲ್ಲಿ, ಈ ವಿದ್ಯೆಯ ಗಂಧವಿಲ್ಲದವರಿಗೂ ಅರ್ಥವಾಗುವ ಮಾತಿನಲ್ಲಿ ಬರೆಯಿರಿ. ಜನ ಯಾಕೆ ಕುಗ್ಗುತ್ತಾರೆ, ಹೇಗೆ ಬದಲಾಗುತ್ತಾರೆ, ಅದರಲ್ಲಿ ನನ್ನ ಪಾತ್ರವೇನು, ಬಂದವರ ಪಾತ್ರವೇನು, ಕೆಲಸವಾಗುತ್ತಿದೆ ಎಂದು ಹೇಗೆ ತಿಳಿಯುತ್ತೇನೆ, ಯಾರಿಗೆ ನಾನು ಸರಿಯಾದವನಲ್ಲ ಅಥವಾ ಸರಿಯಾದವಳಲ್ಲ. ಕಲಿಯುತ್ತಿರುವವರೊಬ್ಬರ ಪುಟ ಹೀಗಿರಬಹುದು:

‘ಒಪ್ಪಿಗೆ ಕಳೆದುಕೊಳ್ಳುವ ಭಯದಲ್ಲಿ ಜನ ತಮ್ಮ ಮಾತನ್ನು ನುಂಗುತ್ತಾರೆ ಎಂದು ನಂಬಿದ್ದೇನೆ. ನಿಧಾನವಾಗಿ ಕೇಳುತ್ತೇನೆ, ಮೊದಲ ಕೆಲವು ಭೇಟಿಗಳಲ್ಲಿ ಕೆಲಸ ಕೊಡುವುದಿಲ್ಲ. ನಂಬಿಕೆ ಕುದುರಿದ ಮೇಲೆ ಸಣ್ಣ ಪ್ರಯೋಗಗಳನ್ನು ಜೊತೆಯಾಗಿ ಹುಡುಕುತ್ತೇವೆ. ಮೌನಕ್ಕೆ ನಾನು ಇನ್ನೂ ಹೆದರುತ್ತೇನೆ, ಅದನ್ನು ಮೇಲ್ವಿಚಾರಕರ ಬಳಿ ನೋಡಿಕೊಳ್ಳುತ್ತಿದ್ದೇನೆ. ಬೇಗ, ನೇರವಾದ ದಾರಿ ಬೇಕೆನ್ನುವವರಿಗೆ ನಾನು ಹೊಂದದಿರಬಹುದು. ಅಂಥವರಿಗೆ ಬೇರೆಯವರ ಹೆಸರು ಹೇಳುತ್ತೇನೆ.’

ಇದರಲ್ಲಿ ಒಬ್ಬ ಸಿದ್ಧಾಂತಿಯ ಹೆಸರೂ ಇಲ್ಲ. ಆದರೂ ರೋಜರ್ಸ್ ಎಲ್ಲಿದ್ದಾರೆ, ಬೆಕ್ ಎಲ್ಲಿದ್ದಾರೆ ಎಂದು ನೀವು ತೋರಿಸಬಲ್ಲಿರಿ. ಪುಟದ ಕೆಳಗೆ ದಿನಾಂಕ ಹಾಕಿ. ಆರು ತಿಂಗಳ ನಂತರ ಹಳೆಯದನ್ನು ತೆರೆಯದೆ ಹೊಸದೊಂದನ್ನು ಬರೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಬದಲಾದ ವಾಕ್ಯಗಳ ಕೆಳಗೆ ಗೆರೆ ಎಳೆಯಿರಿ. ಪ್ರತಿ ಗೆರೆಯ ಪಕ್ಕ, ಆ ವಾಕ್ಯವನ್ನು ನಿಮ್ಮಿಂದ ತಿದ್ದಿಸಿದ ಭೇಟಿ ಯಾವುದು ಎಂದು, ಹೆಸರು ಬರೆಯದೆ, ನೆನಪಿಸಿಕೊಳ್ಳಿ.